ಡರ್ಟಿ ಪೇಜ್

ಇಲ್ಲಿ ‘ಡರ್ಟಿ’ ಎಂದರೆ ಡಿಸ್ಕಿನಿಂದ ತಂದಮೇಲೆ ತಿದ್ದುಪಡಿಯಾದದ್ದು. ಮೆಮೊರಿಯ ಪುಟವನ್ನು ಡಿಸ್ಕಿಗೆ ಮರಳಿ ಬರೆಯಬೇಕೇ ಬೇಡವೇ ಎಂದು ತಿಳಿಯಲು ಇಟ್ಟ ಗುರುತೇ ‘ಡರ್ಟಿ ಬಿಟ್’.

ಈಗ ಈ ಪದ ಕಿವಿಗೆ ಬೀಳುವ ಒಂದು ಸಂದರ್ಭವೆಂದರೆ ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆ ಬೇರೆ ಸರ್ವರಿಗೆ ಸಾಗಿಸುವಾಗ. ನಕಲಾಗುತ್ತಿರುವಾಗಲೇ ಬದಲಾದ ಪುಟಗಳನ್ನು ಮತ್ತೆ ಕಳಿಸಬೇಕಲ್ಲ! ಯಾವುವು ಬದಲಾದವೆಂದು ಗುರುತಿಸಲು 4 ಕೆಬಿಯ ಪುಟಕ್ಕೊಂದು ಬಿಟ್‌ನಂತೆ 1 ಟಿಬಿ ಮೆಮೊರಿಗೆ 32 ಎಂಬಿ ಬಿಟ್‌ಮ್ಯಾಪ್ ಬೇಕು. ಬದಲಾದದ್ದು ನಾಲ್ಕೇ ಪುಟವಾದರೂ ಅಷ್ಟನ್ನೂ ಜಾಲಾಡಬೇಕು. ಇಂಟೆಲ್‌ನ ಪಿಎಂಎಲ್ (ಪೇಜ್ ಮಾಡಿಫಿಕೇಶನ್ ಲಾಗಿಂಗ್) ಸೌಲಭ್ಯದ ಜಾಣತನ ನನಗೆ ಬಹಳ ಮೆಚ್ಚುಗೆ: ಬದಲಾದ ಪುಟಗಳ ವಿಳಾಸವನ್ನು ಪ್ರೊಸೆಸರೇ ಬರೆದಿಟ್ಟುಕೊಂಡು, 512 ತುಂಬಿದಾಗ ವರ್ಚುವಲ್ ಮಷೀನುಗಳನ್ನು ನಡೆಸುವ ಹೈಪರ್‌ವೈಸರಿಗೆ ಒಪ್ಪಿಸುತ್ತದೆ. ಲಿನಕ್ಸ್ 5.11ರಲ್ಲಿ ಅದರ ಹೈಪರ್‌ವೈಸರ್ ಕೆವಿಎಂಗೆ ಸೇರಿದ ‘ಡರ್ಟಿ ರಿಂಗ್’ ಕೂಡ ಇಡೀ ಬಿಟ್‌ಮ್ಯಾಪಿನ ಬದಲು ಬದಲಾದ ಪುಟಗಳ ಪಟ್ಟಿಯನ್ನಷ್ಟೇ ಕೊಡುತ್ತದೆ.