ಕರ್ನಾಟಕದ ಮೂರ್ತಿಶಿಲ್ಪದಲ್ಲಿ ಶಿಲೆಯ ಪಾತ್ರ

ಕರ್ನಾಟಕದ ಶಿಲ್ಪಕಲೆಯ ಚರಿತ್ರೆಯನ್ನು ರಾಜವಂಶಗಳ ಹೆಸರಿನಿಂದ ವಿಂಗಡಿಸಿ ಹೇಳುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಚಾಲುಕ್ಯ, ಹೊಯ್ಸಳ, ವಿಜಯನಗರ ಎಂಬ ಈ ವಿಭಾಗದಿಂದ ಕಾಲಾನುಕ್ರಮ ನೆನಪಿನಲ್ಲಿ ಉಳಿಯುತ್ತದೆಯಾದರೂ, ಒಂದು ಕಾಲದ ಮೂರ್ತಿ ಮೈತುಂಬಿ ಸರಳವಾಗಿ, ಮತ್ತೊಂದು ಕಾಲದ್ದು ಆಭರಣಗಳ ಭಾರದಿಂದ ಬಳುಕುತ್ತ, ಇನ್ನೊಂದರದು ಬಂಡೆಯ ಗಾಂಭೀರ್ಯವನ್ನು ಬಿಡದೆ ಏಕೆ ನಿಂತಿತು ಎಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದು ಕಷ್ಟ. ಅರಸನ ಸಂಕಲ್ಪ, ಆಗಮದ ವಿಧಿ, ಭಕ್ತರ ಅಪೇಕ್ಷೆ ಇವೆಲ್ಲವೂ ರೂಪವನ್ನು ತಾಳಬೇಕಾದುದು ರೂವಾರಿಯ ಉಳಿಯ ಕೆಳಗಿರುವ ಕಲ್ಲಿನಲ್ಲಿ. ಆ ಕಲ್ಲು ಎಷ್ಟು ಆಳಕ್ಕೆ ಉಳಿಯನ್ನು ಬಿಟ್ಟುಕೊಡುತ್ತದೆ, ಎಲ್ಲಿ ಸಿಡಿಯುತ್ತದೆ, ಎಷ್ಟು ಭಾರವನ್ನು ಹೊರುತ್ತದೆ ಎಂಬುದು ತಿಳಿಯದ ಹೊರತು ಶೈಲಿಯ ವಿಮರ್ಶೆ ಪೂರ್ಣವಾಗದು. ಮಲಪ್ರಭೆಯ ಕಣಿವೆಯ ಮರಳುಗಲ್ಲು, ಹಾಸನದ ಸೀಮೆಯ ಬಳಪದ ಕಲ್ಲು, ತುಂಗಭದ್ರೆಯ ದಡದ ಕಣಶಿಲೆ, ಈ ಮೂರರ ಸ್ವಭಾವವನ್ನು ಅನುಸರಿಸಿ ಇಲ್ಲಿಯ ಮೂರ್ತಿಕಲೆಯ ಚರಿತ್ರೆಯನ್ನು ಹೇಳಲು ಸಾಧ್ಯವಿದೆ.

ಪ್ರಾಚೀನರು ಈ ವಿಷಯವನ್ನು ಅರಿಯದವರಾಗಿರಲಿಲ್ಲ. ಶಿಲ್ಪಶಾಸ್ತ್ರಗಳು ಕಲ್ಲನ್ನು ಪುಂಶಿಲೆ, ಸ್ತ್ರೀಶಿಲೆ, ನಪುಂಸಕ ಶಿಲೆ ಎಂದು ಮೂರಾಗಿ ವಿಭಾಗಿಸಿ, ತಟ್ಟಿದಾಗ ಹೊರಡುವ ನಾದವನ್ನು ಅದರ ಲಕ್ಷಣವಾಗಿ ಹೇಳುತ್ತವೆ. ಇದನ್ನು ಕೇವಲ ಸಾಂಕೇತಿಕವೆಂದು ಭಾವಿಸಬೇಕಾದ ಕಾರಣವಿಲ್ಲ: ಒಳಗೆ ಬಿರುಕಿಲ್ಲದ ಕಲ್ಲು ಗಂಟೆಯಂತೆ ದನಿಗೊಡುತ್ತದೆ, ಬಿರುಕುಳ್ಳದ್ದು ಮಂಕಾಗುತ್ತದೆ, ವರ್ಷಗಟ್ಟಲೆ ದುಡಿಯಬೇಕಾದ ಶಿಲೆಯನ್ನು ಕಿವಿಯಿಂದ ಪರೀಕ್ಷಿಸುವುದು ಕುಶಲಕರ್ಮಿಯ ಅನುಭವಜನ್ಯವಾದ ವಿವೇಕವೇ ಸರಿ.

ಬಾದಾಮಿಯ ಬೆಟ್ಟ ಕೆಂಪು ಮರಳುಗಲ್ಲಿನದು. ನೀರು ತಂದೊಟ್ಟಿದ ಮರಳು ಪದರಪದರವಾಗಿ ಗಟ್ಟಿಯಾಗಿ ಹುಟ್ಟಿದ ಈ ಕಲ್ಲು ಕಡಿದಾದ ಗೋಡೆಯಂತೆ ಎದ್ದು ನಿಂತಿರುವುದರಿಂದ, ಅದರ ಮೈಯನ್ನು ಒಳಕ್ಕೆ ಕೊರೆದು ದೇವಗೃಹಗಳನ್ನು ಮಾಡುವುದು ಚಾಲುಕ್ಯರಿಗೆ ಸಹಜವಾಗಿ ತೋರಿತು. ಮೂರನೆಯ ಗುಹೆಯ ಶಾಸನ ಶಕವರ್ಷ ೫೦೦ರದು, ಎಂದರೆ ಕ್ರಿ.ಶ. ೫೭೮ರದು, ಕೀರ್ತಿವರ್ಮನ ಆಳಿಕೆಯಲ್ಲಿ ಆತನ ತಮ್ಮ ಮಂಗಲೇಶನು ಮಾಡಿಸಿದ ಈ ವಿಷ್ಣುಗೃಹ ಕಾಲ ನಿಶ್ಚಿತವಾಗಿರುವ ಗುಹಾಲಯಗಳಲ್ಲಿ ಅತ್ಯಂತ ಮುಖ್ಯವಾದುದು. ಕಟ್ಟಡದಲ್ಲಿ ಕಲ್ಲಿನ ಮೇಲೆ ಕಲ್ಲನ್ನು ಇಡುತ್ತಾರೆ, ತಪ್ಪಿದರೆ ಬದಲಿಸಬಹುದು. ಗುಹೆಯಲ್ಲಿ ಬೇಡವಾದುದನ್ನು ತೆಗೆಯುವುದೊಂದೇ ಕೆಲಸ, ತೆಗೆದುದನ್ನು ಮರಳಿ ಇಡುವಂತಿಲ್ಲ. ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಕಲ್ಲಿನಲ್ಲಿ ಕೂದಲೆಳೆಯಂಥ ಅಂಚು ಬಹುಕಾಲ ನಿಲ್ಲುವುದೂ ಇಲ್ಲ. ಆದಕಾರಣ ಇಲ್ಲಿಯ ಶಿಲ್ಪಿ ಆಭರಣವನ್ನು ಮಿತಗೊಳಿಸಿ, ತೋಳು, ಎದೆ, ತೊಡೆಗಳ ದುಂಡನ್ನು ನಂಬಿದ. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನಲ್ಲಿ ಅಷ್ಟೂ ಕೈಗಳು ಬೀಸಣಿಗೆಯಂತೆ ಹರಡಿದ್ದರೂ ಗೊಂದಲವೆನಿಸದಿರುವುದಕ್ಕೆ ಈ ಸಂಯಮವೇ ಕಾರಣ. ಮೂರನೆಯ ಗುಹೆಯ ನರಸಿಂಹನೂ ನಿಂತ ಭಂಗಿಯಲ್ಲಿ ತನ್ನ ಬಲವನ್ನು ತಾನೇ ಬಲ್ಲವನಂತೆ ಶಾಂತನಾಗಿರುವನು. ಕಲ್ಲಿನ ಸಹಜವಾದ ಕೆಂಪು, ಗುಲಾಬಿ, ಮಾಸಲು ಬಿಳುಪಿನ ಪಟ್ಟೆಗಳು ಮೂರ್ತಿಗಳ ಮೈಮೇಲೆ ಅಡ್ಡಲಾಗಿ ಹಾದುಹೋಗುವುದನ್ನು ಇಂದಿನ ಪ್ರೇಕ್ಷಕರು ಮೆಚ್ಚುವರಾದರೂ, ಅದನ್ನು ಮಾಡಿದವರ ಉದ್ದೇಶ ಬೇರೆ ಇದ್ದಿರಬೇಕು. ಮೂರನೆಯ ಗುಹೆಯಲ್ಲಿ ಉಳಿದಿರುವ ವರ್ಣಚಿತ್ರದ ಅವಶೇಷಗಳನ್ನು ನೋಡಿದರೆ, ಉಳಿ ಬಿಟ್ಟ ಸೂಕ್ಷ್ಮಗಳನ್ನು ಬಣ್ಣ ತುಂಬುತ್ತಿದ್ದಿತೆಂದು ಊಹಿಸುವುದು ತಪ್ಪಾಗಲಾರದು.

ಕಲ್ಲು ಇದ್ದಲ್ಲಿಯೇ ಇರುತ್ತದೆ, ಶೈಲಿ ಸಂಚರಿಸುತ್ತದೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು ಅಲ್ಲಿಯ ಕೈಲಾಸನಾಥ ದೇವಾಲಯದಲ್ಲಿ ಕನ್ನಡ ಶಾಸನವನ್ನು ಕೆತ್ತಿಸಿದ. ಆ ವಿಜಯದ ನೆನಪಿಗಾಗಿ ಆತನ ರಾಣಿ ಲೋಕಮಹಾದೇವಿ ೮ನೆಯ ಶತಮಾನದ ನಡುವಿನಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಅದರ ಸೂತ್ರಧಾರಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತೆಂದು ಶಾಸನ ಹೇಳುತ್ತದೆ. ಕಂಚಿಯ ವಿನ್ಯಾಸ ಮಲಪ್ರಭೆಯ ದಡದಲ್ಲಿ ನಿಂತರೂ, ಭಿತ್ತಿಯ ದೇವತೆಗಳ ಮೈಕಟ್ಟು ಬಾದಾಮಿಯ ಬಂಧುತ್ವವನ್ನು ಮರೆಸುವುದಿಲ್ಲ.

ಗಂಗರ ಸೀಮೆಗೆ ಬಂದರೆ ಶಿಲೆಯ ಕಾಠಿಣ್ಯವೇ ಬೇರೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ನೆತ್ತಿಯಲ್ಲಿ ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿ ೧೦ನೆಯ ಶತಮಾನದ ಕೊನೆಯದು. ಸುಮಾರು ೫೮ ಅಡಿ ಎತ್ತರದ ಈ ವಿಗ್ರಹವನ್ನು ಬೆಟ್ಟದ ಬಂಡೆಯಲ್ಲಿಯೇ ಕಡೆದು ನಿಲ್ಲಿಸಿದೆ. ಕಣಶಿಲೆಯಲ್ಲಿ ಉಳಿಯು ಕಲ್ಲನ್ನು ಕೊಯ್ಯುವುದಿಲ್ಲ. ಮೊನೆಯಿಂದ ಮತ್ತೆ ಮತ್ತೆ ಹೊಡೆದು, ಕಣಕಣವಾಗಿ ಪುಡಿಮಾಡಿ, ಕೊನೆಗೆ ಉಜ್ಜಿ ನುಣುಪುಗೊಳಿಸಬೇಕು. ಅಂಥ ಶಿಲೆಯಲ್ಲಿ ಆಭರಣವಿಲ್ಲದ, ವಸ್ತ್ರವಿಲ್ಲದ, ಚಲನೆಯಿಲ್ಲದ ಕಾಯೋತ್ಸರ್ಗದ ನಿಲುವು ದೊರೆತುದು ಧರ್ಮ ಮತ್ತು ಶಿಲೆ ಎರಡೂ ಒಂದನ್ನೇ ಬಯಸಿದ ಅಪೂರ್ವ ಯೋಗ. ಕಾಲುಗಳ ಪಕ್ಕದಲ್ಲಿ ತೊಡೆಯವರೆಗೆ ಎದ್ದಿರುವ ಹುತ್ತ ಬಾಹುಬಲಿಯ ತಪಸ್ಸಿನ ದೀರ್ಘತೆಯನ್ನು ಸೂಚಿಸುವುದರ ಜೊತೆಗೆ ಅಷ್ಟು ಭಾರದ ಮೂರ್ತಿಗೆ ಆಸರೆಯನ್ನೂ ಕೊಡುತ್ತದೆ. ಅಲ್ಲಿಂದ ಮೇಲೆ ಯಾವ ಆಧಾರವೂ ಇಲ್ಲ.

ಬಳಪದ ಕಲ್ಲಿನ ಪರಿಚಯ ಕನ್ನಡಿಗರಿಗೆ ಅಕ್ಷರಾಭ್ಯಾಸದ ಕಾಲದಿಂದಲೇ ಉಂಟು. ಹಲಗೆಯ ಮೇಲೆ ತಿದ್ದಿದ ಬಳಪದ ಹೆಸರನ್ನೇ ಈ ಶಿಲೆ ಹೊತ್ತಿದೆ. ಖನಿಜಗಳ ಕಾಠಿಣ್ಯವನ್ನು ೧ರಿಂದ ೧೦ರವರೆಗೆ ಅಳೆಯುವ ಮಾನದಲ್ಲಿ ಇದರೊಳಗಿನ ಟಾಲ್ಕ್ ೧, ಕ್ಲೋರೈಟ್ ೨ರಿಂದ ೨.೫, ಕಣಶಿಲೆಯ ಫೆಲ್ಡ್‌ಸ್ಪಾರ್ ೬, ಬೆಣಚು ೭. ನೆಲದಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಡುಸಾಗುವುದು ಇದರ ಇನ್ನೊಂದು ಗುಣವೆನ್ನುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ೧೧ನೆಯ ಶತಮಾನದ ಆರಂಭದ ಲಕ್ಕುಂಡಿಯ ಬ್ರಹ್ಮಜಿನಾಲಯದಂಥ ಕಟ್ಟಡಗಳಲ್ಲಿ, ಮರಳುಗಲ್ಲನ್ನು ಬಿಟ್ಟು ಈ ಶಿಲೆಯನ್ನು ಹಿಡಿದುದು ಕರ್ನಾಟಕ ಶಿಲ್ಪದ ಅತ್ಯಂತ ದೊಡ್ಡ ತಿರುವು. ಯಾವ ಯುದ್ಧವೂ ಯಾವ ಪಟ್ಟಾಭಿಷೇಕವೂ ಕಲೆಯ ಮೇಲೆ ಇಷ್ಟು ಪರಿಣಾಮವನ್ನು ಮಾಡಲಿಲ್ಲವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಗೋಡೆಯ ಕಲ್ಲುಗಳ ಗಾತ್ರ ಕಿರಿದಾಯಿತು, ಅಂಚುಗಳು ಹರಿತವಾದುವು, ಕಂಬಗಳನ್ನು ತಿರುಗಣೆಗೆ ಏರಿಸಿ ಗಂಟೆ, ಕುಂಭ, ಬಳೆಗಳ ಆಕಾರದಲ್ಲಿ ಕಡೆಯುವ ವಿದ್ಯೆ ಪ್ರವರ್ಧಮಾನಕ್ಕೆ ಬಂದಿತು. ೧೧೧೨ರ ಇಟಗಿಯ ಮಹಾದೇವ ದೇವಾಲಯದಲ್ಲಿ ಈ ವಿದ್ಯೆ ಪರಿಪಕ್ವವಾಗಿರುವುದನ್ನು ಕಾಣಬಹುದು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನೋಡುವವನ ಮುಖವೇ ಪ್ರತಿಬಿಂಬಿಸುತ್ತದೆ.

ಇಟಗಿಯಿಂದ ಐದು ವರ್ಷಗಳ ಅನಂತರ, ೧೧೧೭ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನನು ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದ. ಅಲ್ಲಿ ದುಡಿದವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಮೂರ್ತಿಗಳ ಪೀಠದಲ್ಲಿವೆ. ಚಾಲುಕ್ಯರ ನಾಡಿನಲ್ಲಿ ಬಳಪದ ಕಲ್ಲನ್ನು ಪಳಗಿಸಿದ ಕೈಗಳೇ ದಕ್ಷಿಣಕ್ಕೆ ಬಂದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಮದನಿಕೆಯರಲ್ಲಿ, ಹೊರಗಿನ ೩೮ ಮತ್ತು ಒಳಗಿನ ೪ ವಿಗ್ರಹಗಳಲ್ಲಿ, ತಲೆಯ ಮೇಲಿನ ಬಳ್ಳಿಮಂಟಪವನ್ನು ಹಿಂಬದಿಯಿಂದ ಪೂರ್ತಿಯಾಗಿ ಬಿಡಿಸಿ ಬೆಳಕು ಒಳನುಸುಳುವಂತೆ ಮಾಡಿದ್ದಾರೆ; ಈ ಟೊಳ್ಳುಗೆತ್ತನೆ ಮರಳುಗಲ್ಲಿನಲ್ಲಿ ಮುರಿಯುತ್ತಿದ್ದಿತು, ಕಣಶಿಲೆಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಆಳವಾದ ಈ ಕೆತ್ತನೆಗೆ ನೆರಳೇ ಬಣ್ಣ. ನಕ್ಷತ್ರಾಕಾರದ ತಳವಿನ್ಯಾಸದಿಂದ ಗೋಡೆ ಮುರಿದು ಮುರಿದು ಸಾಗುವುದರಿಂದ ಹೊತ್ತು ಸರಿದಂತೆ ಬೇರೆ ಬೇರೆ ಮೂರ್ತಿಗಳು ಬೆಳಕಿಗೆ ಬರುತ್ತವೆ. ಈ ಸೂಕ್ಷ್ಮ ಕೆತ್ತನೆಯ ಮೂಲ ಶ್ರೀಗಂಧ ಮತ್ತು ದಂತದ ಕುಸುರಿಯಲ್ಲಿದೆ ಎಂಬ ವಿದ್ವಾಂಸರ ಮತ ಸಾಧುವಾದುದೇ. ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಸಹಿ ಬಿಟ್ಟಿರುವ ಮಲ್ಲಿತಮ್ಮನ ಮೂರ್ತಿಗಳಲ್ಲಿ ಸರದ ಮಣಿಗಳನ್ನು ಎಣಿಸಬಹುದು. ಆದರೆ ಕಲ್ಲಿನ ಈ ದಾಕ್ಷಿಣ್ಯದಲ್ಲಿ ಅಪಾಯವೂ ಇದ್ದಿತು. ಹೊಯ್ಸಳ ಭಿತ್ತಿಯ ನರಸಿಂಹ ಬಹುಬಾಹುಗಳಿಂದ ದೈತ್ಯನ ಕರುಳನ್ನು ಬಗೆಯುವಾಗಲೂ ಹಾರಕೇಯೂರಗಳು ಅವನ ರೌದ್ರವನ್ನು ಅರ್ಧ ಮುಚ್ಚಿಬಿಡುತ್ತವೆ; ಕೆತ್ತಬಲ್ಲೆನೆಂಬ ಕಾರಣಕ್ಕಾಗಿಯೇ ಕೆತ್ತಿದ ಆಭರಣ ಅಲ್ಲಲ್ಲಿ ಉಂಟು. ಪಾರ್ಥೆನಾನ್ ಒಂದು ತುದಿ, ಹಳೇಬೀಡು ಇನ್ನೊಂದು ತುದಿ ಎಂದು ವಾಸ್ತುಚರಿತ್ರಕಾರ ಫರ್ಗ್ಯುಸನ್ ಎರಡನ್ನೂ ಹೋಲಿಸಿದಾಗ ಅವನ ಕಣ್ಣಿಗೆ ಬಿದ್ದುದು ಈ ಅಮಿತವಾದ ಸಮೃದ್ಧಿಯೇ.

ಹಂಪೆಯ ಕಣಶಿಲೆ ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದು. ೧೪ನೆಯ ಶತಮಾನದಲ್ಲಿ ರಾಜಧಾನಿ ಈ ಬಂಡೆಗಳ ನಡುವೆ ನೆಲೆಗೊಂಡಾಗ ಕಲೆಗೆ ದೊರೆತುದು ಮತ್ತೆ ಕಠಿಣವಾದ ಮಾಧ್ಯಮ. ಬೇಕಾದುದು ಉತ್ಸವಗಳಿಗೆ ಒದಗುವ ವಿಶಾಲವಾದ ಮಂಟಪ. ಉದ್ದನೆಯ ತೊಲೆಗಳನ್ನೂ ಭಾರದ ಚಾವಣಿಯನ್ನೂ ಈ ಶಿಲೆ ನಿರಾಯಾಸವಾಗಿ ಹೊರುತ್ತದೆ. ಬೆಣೆ ಬಡಿಯಲು ಕೊರೆದ ಗುಳಿಗಳ ಸಾಲು ಇಂದಿಗೂ ಅಲ್ಲಿಯ ಬಂಡೆಗಳ ಮೈಮೇಲೆ ಹೊಲಿಗೆಯಂತೆ ಕಾಣುತ್ತದೆ. ಗೋಪುರದ ಮೇಲ್ಭಾಗವನ್ನು ಇಟ್ಟಿಗೆಯಿಂದ ಕಟ್ಟಿ ಗಾರೆಯಲ್ಲಿ ಮೂರ್ತಿಗಳನ್ನು ಮಾಡಿದರು. ಕಂಬಗಳ ಮೇಲಿನ ಶಿಲ್ಪ ಉಬ್ಬು ಕಡಮೆಯಾದ ಚಿತ್ರದಂಥದು. ಬಾಹ್ಯರೇಖೆಯೊಂದರಿಂದಲೇ ಹನುಮಂತನನ್ನೋ ಋಷಿಯನ್ನೋ ಗುರುತಿಸಬೇಕು. ಇದನ್ನು ನೋಡಿ ವಿಜಯನಗರದ ಶಿಲ್ಪ ಒರಟು, ಇಳಿಗಾಲದ್ದು ಎಂದು ತೀರ್ಪುಕೊಟ್ಟ ವಿಮರ್ಶಕರು ಬಳಪದ ಕಲ್ಲಿನ ಅಳತೆಗೋಲನ್ನು ಕಣಶಿಲೆಗೆ ಹಿಡಿದರೆಂಬುದೇ ಈ ಲೇಖಕನ ದೃಢವಾದ ಅಭಿಪ್ರಾಯ. ೧೫೨೮ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಮೂಡಿದ ೨೨ ಅಡಿಯ ನರಸಿಂಹನ ಮುಂದೆ ನಿಂತವರಿಗೆ ಆ ತೀರ್ಪು ನಿಲ್ಲದೆಂಬುದು ಮನವರಿಕೆಯಾಗುತ್ತದೆ: ಏಳು ಹೆಡೆಯ ಶೇಷನ ಕೆಳಗೆ ಕುಳಿತ ಆ ದೇಹದಲ್ಲಿ ಎಣಿಸಬೇಕಾದ ಮಣಿಗಳಿಲ್ಲ, ಹೊರಚಾಚಿದ ಕಣ್ಣುಗಳೂ ತೆರೆದ ಬಾಯಿಯೂ ದೂರದಿಂದಲೇ ಹಿಡಿದು ನಿಲ್ಲಿಸುತ್ತವೆ. ಅಂಕದಲ್ಲಿದ್ದ ಲಕ್ಷ್ಮಿ ಇಂದು ಇಲ್ಲ. ಮುರಿದ ಕೈಗಳೂ ಆ ಉಗ್ರತೆಯನ್ನು ಕುಗ್ಗಿಸಿಲ್ಲ.

ಶಿಲೆ ದಾರಿ ತೋರುತ್ತದೆ, ಕೈ ಕಟ್ಟಿಹಾಕುವುದಿಲ್ಲ. ವಿಠ್ಠಲ ದೇವಾಲಯದ ಮಂಟಪದಲ್ಲಿ ಒಂದೇ ಕಲ್ಲಿನಿಂದ ಸಣ್ಣ ಕಂಬಗಳ ಗುಚ್ಛವನ್ನು ಬಿಡಿಸಿ, ತಟ್ಟಿದರೆ ನಾದ ಹೊರಡುವಂತೆ ಮಾಡಿದವರು ಕಾಠಿಣ್ಯವನ್ನೇ ಗುಣವನ್ನಾಗಿ ಮಾಡಿಕೊಂಡರು; ಶಾಸ್ತ್ರ ಪರೀಕ್ಷೆಗೆಂದು ಹೇಳಿದ ದನಿ ಇಲ್ಲಿ ಅಲಂಕಾರವಾಯಿತು. ಹಜಾರರಾಮ ದೇವಾಲಯದ ಕಣಶಿಲೆಯ ಗೋಡೆಗಳೊಳಗೆ ನುಣುಪಾದ ಕಪ್ಪು ಕಲ್ಲಿನ ನಾಲ್ಕು ಕಂಬಗಳಿವೆ. ಹಳೆಯ ಕುಸುರಿಯ ರುಚಿ ಆ ಕಾಲದವರಿಗೆ ಮರೆತಿರಲಿಲ್ಲ, ಅದಕ್ಕೆ ತಕ್ಕ ಶಿಲೆಯನ್ನು ಬೇರೆಯಾಗಿ ತರಿಸಿದರು.

ಕರಾವಳಿಯ ಕಥೆ ಬೇರೆ. ಅಲ್ಲಿಯ ಮುರಕಲ್ಲು ರಂಧ್ರಮಯವಾದುದು. ಗೋಡೆಗೆ ಒದಗುತ್ತದೆ, ಮೂರ್ತಿಗೆ ಒಗ್ಗುವುದಿಲ್ಲ. ಆದ್ದರಿಂದ ಆ ಸೀಮೆಯ ಶಿಲ್ಪ ಬಹುಪಾಲು ಮರಕ್ಕೂ ಲೋಹಕ್ಕೂ ಹೋಯಿತು. ೧೪೩೦ರ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಕಲ್ಲಿನ ಕಂಬಗಳು, ಮೇಲಿನ ಅಂತಸ್ತು ಮರದ್ದು. ಏಕಶಿಲೆಯ ಗೊಮ್ಮಟರು ಮಾತ್ರ ಕಣಶಿಲೆಯನ್ನು ಅರಸಿ ಹುಟ್ಟಿದರು: ಕಾರ್ಕಳದಲ್ಲಿ ೧೪೩೨ರಲ್ಲಿ, ವೇಣೂರಿನಲ್ಲಿ ೧೬೦೪ರಲ್ಲಿ. ೩೯ ಅಡಿ ಎತ್ತರದ ಧರ್ಮಸ್ಥಳದ ಮೂರ್ತಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದರು. ೧೯೭೩ರಲ್ಲಿ ಅದನ್ನು ಧರ್ಮಸ್ಥಳಕ್ಕೆ ಸಾಗಿಸಿ, ೧೯೮೨ರಲ್ಲಿ ಪ್ರತಿಷ್ಠಾಪಿಸಲಾಯಿತು.