ಯಂತ್ರದಿಂದ ವ್ಯವಸ್ಥೆಯನ್ನು ಬೇರ್ಪಡಿಸುವ ಪ್ರಶ್ನೆ: ಆ್ಯಪಲ್‌ನ ಪರವಾನಗಿ ಪ್ರಯೋಗ ಮತ್ತು ಅದರ ಹಿನ್ನೆಲೆ

ಗಣಕಯಂತ್ರದ ಸಂಸ್ಕಾರಕ, ಸ್ಮೃತಿ, ತೆರೆ, ಕೀಲಿಮಣೆ ಮೊದಲಾದ ಯಂತ್ರಾಂಶವನ್ನು ಹತೋಟಿಯಲ್ಲಿಟ್ಟು, ಬಳಕೆದಾರನ ಇತರ ತಂತ್ರಾಂಶಗಳಿಗೆ ನೆಲೆ ಒದಗಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಯಂತ್ರದ ತಯಾರಕನೇ ಅದನ್ನೂ ರೂಪಿಸಿದ್ದಾಗ, ಬೇರೆಯವರ ಯಂತ್ರಗಳಿಗೂ ಅದನ್ನು ಮಾರಬೇಕೆ, ತನ್ನ ಯಂತ್ರಕ್ಕಷ್ಟೇ ಕಟ್ಟಿಹಾಕಬೇಕೆ ಎಂಬ ಪ್ರಶ್ನೆ 1960ರ ದಶಕದ ಕೊನೆಯಿಂದಲೂ ಈ ಉದ್ಯಮವನ್ನು ಕಾಡಿದೆ. 1985ರಿಂದ 1997ರವರೆಗೆ ಆ್ಯಪಲ್ ಕಂಪನಿ ಇದಕ್ಕೆ ಒಂದಕ್ಕೊಂದು ವಿರುದ್ಧವಾದ ಉತ್ತರಗಳನ್ನು ಕೊಟ್ಟಿತು. ಆ ಕಥೆಯನ್ನು ಸಾಮಾನ್ಯವಾಗಿ ಕೆಲವು ವ್ಯಕ್ತಿಗಳ ದೂರದೃಷ್ಟಿ ಮತ್ತು ಹಠಗಳ ಕಥೆಯಾಗಿ ಹೇಳುವ ರೂಢಿಯಿದೆಯಾದರೂ, ಘಟನೆಗಳನ್ನು ಕ್ರಮವಾಗಿ ಇಟ್ಟು ನೋಡಿದರೆ ಕಂಪನಿಯ ಲಾಭ ಯಾವ ಸರಕಿನಿಂದ ಹುಟ್ಟುತ್ತಿತ್ತು ಎಂಬ ಲೆಕ್ಕಾಚಾರವೇ ನಿರ್ಣಾಯಕವಾಗಿತ್ತೆಂಬುದು ಕಾಣುತ್ತದೆ.

ಬೃಹತ್ ಗಣಕಗಳ ಕಾಲದಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಇರಲಿಲ್ಲ. ಯಂತ್ರದ ಬಾಡಿಗೆಯಲ್ಲೇ ಅದೂ ಸೇರಿರುತ್ತಿತ್ತು. 1969ರ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಐಬಿಎಂ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಅದೇ ಜೂನ್‌ನಲ್ಲಿ ಐಬಿಎಂ ತನ್ನ ಅನೇಕ ತಂತ್ರಾಂಶಗಳಿಗೂ ಸೇವೆಗಳಿಗೂ ಬೇರೆ ಬೇರೆ ದರ ನಿಗದಿಮಾಡುವುದಾಗಿ ಘೋಷಿಸಿತು. ಕಾರ್ಯಾಚರಣ ವ್ಯವಸ್ಥೆಯನ್ನು ಮಾತ್ರ ಈ ವಿಂಗಡಣೆಯಿಂದ ಹೊರಗಿಟ್ಟು ಮೊದಲಿನಂತೆ ಉಚಿತವಾಗಿಯೇ ಉಳಿಸಿಕೊಂಡಿತು. ಇದರ ಲಾಭ ಪಡೆದವರಲ್ಲಿ ಐಬಿಎಂ ತೊರೆದು ಸ್ವಂತ ಕಂಪನಿ ಕಟ್ಟಿದ ಜೀನ್ ಆಮ್‌ಡಾಲ್ ಪ್ರಮುಖರು: 1975ರಿಂದ ಗ್ರಾಹಕರ ಕೈ ಸೇರತೊಡಗಿದ ಅವರ ಯಂತ್ರಗಳು ಐಬಿಎಂ ಬರೆದ ವ್ಯವಸ್ಥೆಯನ್ನೇ ನಡೆಸುತ್ತಿದ್ದವು. ಮುಂದೆ ಐಬಿಎಂ ತನ್ನ ವ್ಯವಸ್ಥೆಯ ಹೊಸ ಭಾಗಗಳಿಗೆ ಬೆಲೆ ಕಟ್ಟತೊಡಗಿತು.

ಸೂಕ್ಷ್ಮಗಣಕಗಳಲ್ಲಿ ಬೇರ್ಪಡಿಕೆಯನ್ನು ತಾಂತ್ರಿಕವಾಗಿ ಸಾಧ್ಯವಾಗಿಸಿದವರು ಗ್ಯಾರಿ ಕಿಲ್ಡಾಲ್. 1974ರ ಸುಮಾರಿಗೆ ರೂಪುಗೊಂಡ ಅವರ ಸಿಪಿ/ಎಂ ವ್ಯವಸ್ಥೆಯಲ್ಲಿ, ಆಯಾ ಯಂತ್ರಕ್ಕೆ ಅಂಟಿಕೊಂಡ ಸೂಚನೆಗಳನ್ನೆಲ್ಲ ‘ಬಯೋಸ್’ ಎಂಬ ಚಿಕ್ಕ ಪದರಕ್ಕೆ ಸೀಮಿತಗೊಳಿಸಲಾಗಿತ್ತು. ಹೊಸ ಯಂತ್ರ ಬಂದಾಗ ಆ ಪದರವನ್ನಷ್ಟೇ ಮತ್ತೆ ಬರೆದರೆ ಉಳಿದ ವ್ಯವಸ್ಥೆ ಹಾಗೆಯೇ ನಡೆಯುತ್ತಿತ್ತು. ಈ ರಚನೆಯನ್ನು ಹೋಲುವ 86-ಡಾಸ್ ಅನ್ನು ಸಿಯಾಟಲ್‌ನ ಸಣ್ಣ ಕಂಪನಿಯೊಂದರಿಂದ ಕೊಂಡ ಮೈಕ್ರೋಸಾಫ್ಟ್, 1981ರಲ್ಲಿ ಐಬಿಎಂ ಪಿಸಿಗೆ ಅದನ್ನು ಒದಗಿಸುವಾಗ ಇತರರಿಗೂ ಮಾರುವ ಹಕ್ಕನ್ನು ತನ್ನ ಬಳಿಯೇ ಇಟ್ಟುಕೊಂಡಿತು. ಕಾಂಪ್ಯಾಕ್ ಮೊದಲಾದ ಕಂಪನಿಗಳು ಐಬಿಎಂನ ಬಯೋಸ್‌ಗೆ ಸಮಾನವಾದುದನ್ನು ಸ್ವತಂತ್ರವಾಗಿ ಬರೆದುಕೊಂಡ ಮೇಲೆ ಈ ಹಕ್ಕಿನ ನಿಜವಾದ ಬೆಲೆ ತಿಳಿಯಿತು. ಮೈಕ್ರೋಸಾಫ್ಟ್ ಆಗ ಸ್ವಂತ ಗಣಕವನ್ನು ತಯಾರಿಸುತ್ತಿರಲಿಲ್ಲ. ಆದ್ದರಿಂದ ಮಾರಾಟವಾದ ಪ್ರತಿ ತದ್ರೂಪಿ ಯಂತ್ರವೂ ಅದಕ್ಕೆ ಆದಾಯವೇ ಆಗಿತ್ತು, ನಷ್ಟದ ಮಾತೇ ಇರಲಿಲ್ಲ.

1984ರ ಮ್ಯಾಕಿಂತೋಷ್ ಇದಕ್ಕೆ ತೀರ ವಿರುದ್ಧವಾಗಿ ಹುಟ್ಟಿತು. ಅದರ ವ್ಯವಸ್ಥೆಯ ಮಹತ್ವದ ಭಾಗ, ಅಂದರೆ ಚಿತ್ರ ಬಿಡಿಸುವ, ಕಿಟಕಿ ಮತ್ತು ಪಟ್ಟಿಗಳನ್ನು ನಿಭಾಯಿಸುವ ಸೂಚನೆಗಳು, 64 ಕಿಲೋಬೈಟ್‌ನ ಓದುಮಾತ್ರ ಸ್ಮೃತಿಯಲ್ಲಿ, ಎಂದರೆ ಯಂತ್ರದೊಳಗಿನ ಚಿಪ್‌ನಲ್ಲೇ, ಅಚ್ಚಾಗಿದ್ದವು. ಹೀಗಾಗಿ ವ್ಯವಸ್ಥೆಯನ್ನು ಬಿಡಿಯಾಗಿ ಮಾರಬೇಕೆಂದರೆ ಫ್ಲಾಪಿಯ ಜೊತೆಗೆ ಚಿಪ್ಪನ್ನೂ ಮಾರಬೇಕಾಗುತ್ತಿತ್ತು. ಆದರೂ 1985ರ ಜೂನ್‌ನಲ್ಲಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಆ್ಯಪಲ್‌ನ ಮುಖ್ಯಸ್ಥ ಜಾನ್ ಸ್ಕಲ್ಲಿ ಮತ್ತು ಜ್ಯಾನ್-ಲೂಯಿ ಗಸ್ಸೆ ಅವರಿಗೆ ಟಿಪ್ಪಣಿಯೊಂದನ್ನು ಕಳಿಸಿ, ಇತರ ತಯಾರಕರಿಗೆ ಪರವಾನಗಿ ಕೊಟ್ಟು ಮ್ಯಾಕಿಂತೋಷನ್ನು ಉದ್ಯಮದ ಮಾನಕವಾಗಿಸಬೇಕೆಂದು ಸಲಹೆ ಮಾಡಿದರು. ಮ್ಯಾಕಿಂತೋಷ್‌ಗೆ ಅನ್ವಯಿಕ ತಂತ್ರಾಂಶ ಮಾರುತ್ತಿದ್ದ ಮೈಕ್ರೋಸಾಫ್ಟ್‌ಗೆ ಈ ಸಲಹೆಯಲ್ಲಿ ಸ್ವಹಿತವಿತ್ತು. ಆದರೆ ಸ್ವಹಿತವಿತ್ತೆಂಬ ಒಂದೇ ಕಾರಣಕ್ಕೆ ಸಲಹೆ ತಪ್ಪಾಗುವುದಿಲ್ಲ. ಆ್ಯಪಲ್ ಅದನ್ನು ಒಪ್ಪಲಿಲ್ಲ. ಅದೇ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನದೇ ವಿಂಡೋಸ್‌ನ ಮೊದಲ ಆವೃತ್ತಿ ಹೊರಬಂತು. ಆ ದಶಕದ ಕೊನೆಯ ಹೊತ್ತಿಗೆ ಆ್ಯಪಲ್‌ನ ಒಟ್ಟು ಲಾಭ ಮಾರಾಟದ ಅರ್ಧದಷ್ಟನ್ನು ಮುಟ್ಟಿತ್ತು. ಅಂಥ ಲಾಭ ಕೈಯಲ್ಲಿದ್ದಾಗ ಪರವಾನಗಿಯ ಪರವಾಗಿ ವಾದಿಸುವುದು ಕಂಪನಿಯೊಳಗೆ ಸುಲಭವಿರಲಿಲ್ಲ.

ವಿಂಡೋಸ್ 3 ಜನಪ್ರಿಯವಾದ ಮೇಲೆ ಪ್ರಶ್ನೆ ಮರಳಿ ಬಂತು. 1992ರಲ್ಲಿ ಆ್ಯಪಲ್ ಮತ್ತು ನಾವೆಲ್ ಕಂಪನಿಗಳು ‘ಸ್ಟಾರ್ ಟ್ರೆಕ್’ ಎಂಬ ಗುಪ್ತನಾಮದಲ್ಲಿ ಮ್ಯಾಕಿಂತೋಷ್ ವ್ಯವಸ್ಥೆಯನ್ನು ಇಂಟೆಲ್ ಸಂಸ್ಕಾರಕದ ಮೇಲೆ ನಡೆಸಲು ಯತ್ನಿಸಿದವು ಮತ್ತು ಕೆಲವೇ ತಿಂಗಳಲ್ಲಿ ಕೆಲಸಮಾಡುವ ಮಾದರಿಯನ್ನೂ ತೋರಿಸಿದವು. ಆದರೆ ಹಳೆಯ ಅನ್ವಯಿಕ ತಂತ್ರಾಂಶಗಳು ಅದರ ಮೇಲೆ ನೇರವಾಗಿ ನಡೆಯುತ್ತಿರಲಿಲ್ಲ, ಮತ್ತು ಕಂಪನಿಯ ಗಮನವೆಲ್ಲ ಪವರ್‌ಪಿಸಿ ಸಂಸ್ಕಾರಕದ ಕಡೆಗೆ ಹೊರಳಿತ್ತು. ಯೋಜನೆ 1993ರಲ್ಲಿ ನಿಂತಿತು.

ಪರವಾನಗಿ ಕೊನೆಗೂ ಸಿಕ್ಕಿದ್ದು ಮೈಕೆಲ್ ಸ್ಪಿಂಡ್ಲರ್ ಮುಖ್ಯಸ್ಥರಾಗಿದ್ದಾಗ, ಮ್ಯಾಕಿಂತೋಷ್‌ನ ಜಾಗತಿಕ ಪಾಲು ಶೇ. 7ರ ಸುಮಾರಿಗೆ ಇಳಿದಿದ್ದ ಕಾಲದಲ್ಲಿ. ಪವರ್ ಕಂಪ್ಯೂಟಿಂಗ್ ಎಂಬ ಹೊಸ ಕಂಪನಿ 1995ರಲ್ಲಿ ಮೊದಲ ಅಧಿಕೃತ ತದ್ರೂಪಿ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ರೇಡಿಯಸ್, ಡೇಸ್ಟಾರ್, ಯುಮ್ಯಾಕ್ಸ್, ಮೊಟೊರೋಲಾ ಹಿಂಬಾಲಿಸಿದವು. ಪರವಾನಗಿಯ ಶುಲ್ಕದ ಮೇಲೆ ಪ್ರತಿ ಯಂತ್ರಕ್ಕೆ ಆ್ಯಪಲ್‌ಗೆ ಸಲ್ಲುತ್ತಿದ್ದ ರಾಯಧನ ಆರಂಭದಲ್ಲಿ 50 ಡಾಲರ್. ಮಾರುಕಟ್ಟೆ ಹಿಗ್ಗಿದರೆ ಮಾತ್ರ ಈ ದರ ಕಟ್ಟುತ್ತಿತ್ತು. ತದ್ರೂಪಿ ತಯಾರಕರು ಆ್ಯಪಲ್ ತಲುಪದ ಅಗ್ಗದ ಹಾಗೂ ದೂರದ ಮಾರುಕಟ್ಟೆಗಳಿಗೆ ಹೋಗುತ್ತಾರೆಂಬುದು ಯೋಜನೆಯ ನಿರೀಕ್ಷೆ. ಆದರೆ ಅವರು ಹೋದದ್ದು ಮುದ್ರಣ, ಪ್ರಕಾಶನ, ಗ್ರಾಫಿಕ್ಸ್ ವೃತ್ತಿಗಳವರ ಬಳಿಗೆ, ಅಂದರೆ ಆ್ಯಪಲ್‌ಗೆ ಅತಿ ಹೆಚ್ಚು ಲಾಭ ತರುತ್ತಿದ್ದ ಗ್ರಾಹಕರ ಬಳಿಗೆ. ವೇಗದ ಹೊಸ ಸಂಸ್ಕಾರಕಗಳನ್ನು ಪವರ್ ಕಂಪ್ಯೂಟಿಂಗ್ ಹಲವು ಬಾರಿ ಆ್ಯಪಲ್‌ಗಿಂತ ಮೊದಲೇ, ಕಡಿಮೆ ಬೆಲೆಯಲ್ಲಿ ಒದಗಿಸಿತು. ಹಾಗೆ ಕೈತಪ್ಪಿದ ಪ್ರತಿ ಮಾರಾಟದಲ್ಲಿ ನೂರಾರು ಡಾಲರ್ ಲಾಭದ ಜಾಗಕ್ಕೆ 50 ಡಾಲರ್ ಬಂತು, ವ್ಯವಸ್ಥೆಯನ್ನು ಬೆಳೆಸುವ ಖರ್ಚು ಮಾತ್ರ ಪೂರ್ತಿಯಾಗಿ ಆ್ಯಪಲ್‌ನ ಮೇಲೆಯೇ ಉಳಿಯಿತು. 1996ರ ಹಣಕಾಸು ವರ್ಷದಲ್ಲಿ ಕಂಪನಿಯ ನಷ್ಟ 81.6 ಕೋಟಿ ಡಾಲರ್. ಅದನ್ನೆಲ್ಲ ತದ್ರೂಪಿಗಳ ತಲೆಗೆ ಕಟ್ಟುವುದು ಅನ್ಯಾಯ; ಮಾರಾಟವಾಗದೆ ಉಳಿದ ದಾಸ್ತಾನು ಮತ್ತು ವಿಫಲವಾದ ಹೊಸ ವ್ಯವಸ್ಥೆಯ ಯೋಜನೆ ಅದರಲ್ಲಿ ದೊಡ್ಡ ಪಾಲು ಹೊಂದಿದ್ದವು.

ಆ್ಯಪಲ್‌ಗೆ ಮರಳಿ ಈ ಪ್ರಯೋಗವನ್ನು ಮುಗಿಸಿದ ಸ್ಟೀವ್ ಜಾಬ್ಸ್ ಅವರಿಗೆ ಬೇರ್ಪಡಿಕೆಯ ಇನ್ನೊಂದು ಮುಖದ ಅನುಭವವೂ ಇತ್ತೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅವರ ನೆಕ್ಸ್ಟ್ ಕಂಪನಿ 1993ರಲ್ಲಿ ಯಂತ್ರ ತಯಾರಿಕೆಯನ್ನು ಕೈಬಿಟ್ಟು, ತನ್ನ ವ್ಯವಸ್ಥೆಯನ್ನು ಇಂಟೆಲ್ ಗಣಕಗಳಿಗೆ ಬಿಡಿಯಾಗಿ ಮಾರಿ, ದೊಡ್ಡ ಮಾರುಕಟ್ಟೆ ಗಳಿಸದೆ, 1996ರ ಡಿಸೆಂಬರ್‌ನಲ್ಲಿ ಆ್ಯಪಲ್‌ಗೇ ಮಾರಾಟವಾಗಲು ಒಪ್ಪಿತ್ತು. 1997ರ ಜುಲೈನಲ್ಲಿ ಹೊಸ ಆವೃತ್ತಿಯನ್ನು 7.7ರ ಬದಲು ‘ಮ್ಯಾಕ್ ಓಎಸ್ 8’ ಎಂದು ಕರೆದಾಗ, ಏಳನೆಯ ಆವೃತ್ತಿಗೆ ಸೀಮಿತವಾಗಿದ್ದ ಒಪ್ಪಂದಗಳು ನಿರುಪಯುಕ್ತವಾದವು. ಸೆಪ್ಟೆಂಬರ್‌ನಲ್ಲಿ ಪವರ್ ಕಂಪ್ಯೂಟಿಂಗ್‌ನ ಮ್ಯಾಕಿಂತೋಷ್ ವ್ಯವಹಾರವನ್ನು ಆ್ಯಪಲ್ 10 ಕೋಟಿ ಡಾಲರ್ ಮೌಲ್ಯದ ಷೇರುಗಳಿಗೆ ಕೊಂಡಿತು, ಮೊಟೊರೋಲಾ ಹಿಂದೆ ಸರಿಯಿತು.

ಕಟ್ಟಿಹಾಕುವುದು ನ್ಯಾಯಸಮ್ಮತವೇ ಎಂಬುದು ಬೇರೆ ಪ್ರಶ್ನೆ. ಕಾರ್ಯಾಚರಣ ವ್ಯವಸ್ಥೆಗೂ ಹಕ್ಕುಸ್ವಾಮ್ಯ ಸಲ್ಲುತ್ತದೆಂದು 1983ರಲ್ಲಿ ಫ್ರಾಂಕ್ಲಿನ್ ಕಂಪನಿಯ ವಿರುದ್ಧ ಆ್ಯಪಲ್ ಹೂಡಿದ್ದ ಮೊಕದ್ದಮೆಯಲ್ಲಿ ತೀರ್ಪಾಯಿತು. ಆದರೆ ಮರುವರ್ಷವೇ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಡೇಟಾ ಜನರಲ್ ಕಂಪನಿ ತನ್ನ ಆರ್‌ಡಾಸ್ ವ್ಯವಸ್ಥೆಯನ್ನು ತನ್ನದೇ ಸಂಸ್ಕಾರಕ ಕೊಂಡವರಿಗಷ್ಟೇ ಕೊಡುವುದು, ಒಂದು ಸರಕು ಬೇಕಾದವನಿಗೆ ಇನ್ನೊಂದನ್ನೂ ಕಡ್ಡಾಯವಾಗಿ ಹೇರುವ ಕಾನೂನುಬಾಹಿರ ಜೋಡಿಮಾರಾಟವೆಂದು ಹೇಳಿತು. ಫ್ಲಾರಿಡಾದ ಸೈಸ್ಟಾರ್ ಕಂಪನಿ 2008ರಲ್ಲಿ ಸಾಮಾನ್ಯ ಗಣಕಗಳಲ್ಲಿ ಮ್ಯಾಕ್ ವ್ಯವಸ್ಥೆ ಹಾಕಿ ಮಾರಿ ಆ್ಯಪಲ್‌ನ ಮೊಕದ್ದಮೆ ಎದುರಿಸಿದಾಗ, ಈ ಬಗೆಯ ಏಕಸ್ವಾಮ್ಯದ ವಾದ ಕೆಳ ನ್ಯಾಯಾಲಯದಲ್ಲೇ ಬಿದ್ದುಹೋಯಿತು: ವಿಂಡೋಸ್‌ನಂಥ ಪರ್ಯಾಯಗಳಿರುವಾಗ ಮ್ಯಾಕ್ ಒಂದನ್ನೇ ಪ್ರತ್ಯೇಕ ಮಾರುಕಟ್ಟೆಯೆಂದು ಒಪ್ಪಲು ನ್ಯಾಯಾಧೀಶರು ನಿರಾಕರಿಸಿದರು. ಪರವಾನಗಿಯ ನಿರ್ಬಂಧ ಹಕ್ಕುಸ್ವಾಮ್ಯದ ದುರುಪಯೋಗವೆಂಬ ಇನ್ನೊಂದು ವಾದವನ್ನು 2011ರಲ್ಲಿ ಅದೇ ಒಂಬತ್ತನೆಯ ವಲಯದ ನ್ಯಾಯಾಲಯ ತಳ್ಳಿಹಾಕಿತು. 2013ರ ಅಕ್ಟೋಬರ್‌ನಲ್ಲಿ ಬಂದ ಮ್ಯಾವೆರಿಕ್ಸ್ ಆವೃತ್ತಿಯಿಂದ ಆ್ಯಪಲ್ ತನ್ನ ಕಾರ್ಯಾಚರಣ ವ್ಯವಸ್ಥೆಗೆ ಬೆಲೆ ಪಡೆಯುವುದನ್ನೇ ನಿಲ್ಲಿಸಿತು. ಅದನ್ನು ಆ್ಯಪಲ್ ಹೆಸರಿನ ಗಣಕಗಳಲ್ಲಿ ಮಾತ್ರ ಬಳಸಬೇಕೆಂಬ ಷರತ್ತು ಪರವಾನಗಿಯಲ್ಲಿ ಹಾಗೆಯೇ ಉಳಿದಿದೆ.