ಮೊದಲು ಸ್ಪೀಕರ್, ಆಮೇಲೆ ಪ್ರೊಸೆಸರ್

ಎಲೆಕ್ಟ್ರಿಕ್ ಗಿಟಾರಿಗೆ ಡಿಜಿಟಲ್ ಆಂಪ್ ಕೊಳ್ಳಲು ಹೊರಟವರು ಇವತ್ತು ಮೊದಲು ಕೇಳುವ ಪ್ರಶ್ನೆ ಒಂದೇ: ಹೆಲಿಕ್ಸೋ, ಕ್ವಾಡ್ ಕಾರ್ಟೆಕ್ಸೋ, ಟೋನೆಕ್ಸೋ? ಅದನ್ನು ಯಾವ ಸ್ಪೀಕರಿಗೆ ಜೋಡಿಸಬೇಕು ಎಂಬ ಯೋಚನೆ ಬರುವುದು ಕೈಯಲ್ಲಿದ್ದ ದುಡ್ಡೆಲ್ಲ ಖರ್ಚಾದ ಮೇಲೆ. ಆಂಪಿನ ಸ್ವರವನ್ನು ನಕಲು ಮಾಡುವ ಲಕ್ಷದ ಆಸುಪಾಸಿನ ಪ್ರೊಸೆಸರ್ ತಂದು ಕಂಪ್ಯೂಟರಿನ ಪುಟ್ಟ ಸ್ಪೀಕರಿಗೆ ಸಿಕ್ಕಿಸಿ, ‘ಟೋನ್ ಬರ್ತಾ ಇಲ್ಲ’ ಎಂದು ಕೊರಗುವ ಹುಡುಗರು ಪುಣೆಯ ಜ್ಯಾಮ್ ರೂಮುಗಳಲ್ಲಿ ಸಿಗುತ್ತಲೇ ಇರುತ್ತಾರೆ. ಈ ಕೊಳ್ಳುವ ಕ್ರಮವೇ ತಲೆಕೆಳಗು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ತಂತ್ರಜ್ಞಾನ ಬೆಳೆದು ಬಂದ ದಾರಿಯನ್ನು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ.

ಪುಣೆಯನ್ನೇ ಎದುರಿಗಿಟ್ಟುಕೊಳ್ಳಲು ಕಾರಣವಿದೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಓದಿಗೆ, ಐಟಿ ಕೆಲಸಕ್ಕೆ ಇಲ್ಲಿಗೆ ಬಂದವರಲ್ಲಿ ಗಿಟಾರನ್ನೂ ಹೊತ್ತು ತಂದವರಿದ್ದಾರೆ. ವಾಕಡ, ಬಾಣೇರ, ಕೋಥರೂಡದ ಫ್ಲ್ಯಾಟುಗಳಲ್ಲಿ ಅವರ ವಾಸ. ಗೋಡೆಯಾಚೆ ಇನ್ನೊಂದು ಸಂಸಾರ, ಕೆಳಗೆ ಸೊಸೈಟಿಯ ಸೆಕ್ರೆಟರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಹಿಂದೆ ಅಹೋರಾತ್ರಿ ನಡೆಯುತ್ತಿತ್ತು. ಈ ನಿಯಮಗಳು ಬಂದ ಮೇಲೆ ಆ ಉತ್ಸವಕ್ಕೂ ಗಡಿಯಾರ ನೋಡಿ ಮುಗಿಸುವ ಸ್ಥಿತಿ ಬಂತು. ತಂಬೂರಿಯ ಜೊತೆ ಹಾಡುವ ಸಂಗೀತಕ್ಕೇ ಹೀಗಾದರೆ, 100 ವ್ಯಾಟಿನ ಟ್ಯೂಬ್ ಆಂಪ್ ಇಟ್ಟುಕೊಂಡವನ ಗತಿಯೇನು?

ಆ ಟ್ಯೂಬ್ ಆಂಪಿನಿಂದಲೇ ಕಥೆ ಶುರು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್, ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಆಧಾರವಾಗಿಟ್ಟುಕೊಂಡು ತಮ್ಮ ಮೊದಲ ಆಂಪನ್ನು ರೂಪಿಸಿದರು. ಟ್ಯೂಬುಗಳನ್ನು ಮಿತಿ ಮೀರಿ ದುಡಿಸಿದಾಗ ಹುಟ್ಟುವ ಒಡಕು ಸ್ವರವೇ ರಾಕ್ ಸಂಗೀತದ ಗುರುತಾಯಿತು. ಆದರೆ ಆ ಸ್ವರದಲ್ಲಿ ಸ್ಪೀಕರಿನ ಪಾಲು ದೊಡ್ಡದೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗಿಟಾರ್ ಕ್ಯಾಬಿನೆಟ್ಟಿನ 12 ಅಂಗುಲದ ಸ್ಪೀಕರ್, ಉದಾಹರಣೆಗೆ ಸೆಲೆಶ್ಚನ್ ಕಂಪನಿಯ ವಿಂಟೇಜ್ 30, ಸುಮಾರು 70 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ನುಡಿಯುತ್ತದೆ. ಅದರಾಚೆಯ ಕರ್ಕಶವನ್ನೆಲ್ಲ ತಾನೇ ನುಂಗಿಬಿಡುತ್ತದೆ. ಇದು ಸ್ಪೀಕರಿನ ದೋಷವೆನ್ನಿಸಿದರೂ ಗಿಟಾರ್ ಸ್ವರದ ಅರ್ಧ ಚೆಲುವು ಇರುವುದು ಈ ನುಂಗುವಿಕೆಯಲ್ಲೇ. ಮುಂದೆ ಬಂದ ಡಿಜಿಟಲ್ ಪೆಟ್ಟಿಗೆಗಳೆಲ್ಲ ಆಂಪಿನ ಜೊತೆಗೆ ಇದನ್ನೂ ನಕಲು ಮಾಡಬೇಕಾಯಿತು.

ನಕಲಿನ ಪ್ರಯತ್ನ ಡಿಜಿಟಲ್ ಯುಗಕ್ಕಿಂತ ಹಳೆಯದು. ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ 1982ರಲ್ಲಿ ಹೆಡ್‌ಫೋನಿಗೆಂದೇ ರಾಕ್‌ಮನ್ ತಂದರು. 1989ರಲ್ಲಿ ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬಂತು. ಎರಡೂ ಅನಲಾಗ್ ಉಪಕರಣಗಳು. 1995ರಲ್ಲಿ ರೋಲ್ಯಾಂಡ್ ಕಂಪನಿ ವಿಜಿ-8 ಮೂಲಕ ಡಿಜಿಟಲ್ ಮಾಡೆಲಿಂಗಿಗೆ, ಅಂದರೆ ಈ ನಕಲನ್ನು ಲೆಕ್ಕದಲ್ಲಿ ಮಾಡುವುದಕ್ಕೆ, ಬಾಗಿಲು ತೆರೆಯಿತು. ಆದರೆ ಅದಕ್ಕೆ ಗಿಟಾರಿನ ಆರೂ ತಂತಿಗಳ ಸದ್ದನ್ನು ಬೇರೆ ಬೇರೆಯಾಗಿ ಹಿಡಿಯುವ ವಿಶೇಷ ಪಿಕಪ್ ಬೇಕಿತ್ತು. ಯಾವುದೇ ಗಿಟಾರನ್ನು ಸಿಕ್ಕಿಸಿ ನುಡಿಸಬಹುದಾದ ಮಾಡೆಲರ್ ಜನರ ಕೈಗೆ ಬಂದದ್ದು 1998ರಲ್ಲಿ, ಲೈನ್ 6 ಕಂಪನಿಯ ಕೆಂಪು ಬಣ್ಣದ, ಮೂತ್ರಪಿಂಡದ ಆಕಾರದ ಪಾಡ್ ಬಿಡುಗಡೆಯಾದಾಗ. ಮೇಜಿನ ಮೇಲಿಟ್ಟು ಗುಂಡಿ ತಿರುಗಿಸಿದರೆ ಒಂದು ಗಳಿಗೆಗೆ ಫೆಂಡರ್, ಇನ್ನೊಂದು ಗಳಿಗೆಗೆ ಮಾರ್ಷಲ್.

ಭಾರತದ ಕಾಲೇಜು ಹುಡುಗರಿಗೆ ಆಗ ಪಾಡ್ ಕೈಗೆಟುಕುವ ವಸ್ತುವಾಗಿರಲಿಲ್ಲ. ಅವರ ಪಾಲಿಗೆ ‘ಪ್ರೊಸೆಸರ್’ ಎಂದರೆ ಜೂಮ್ 505 ಅಥವಾ ಡಿಜಿಟೆಕ್, ಅದೂ ವಿದೇಶದಿಂದ ಬರುವ ಮಾವನೋ ಅಣ್ಣನೋ ತಂದುಕೊಟ್ಟರೆ. ಫಿರೋದಿಯಾ ಕರಂಡಕದಂಥ ಅಂತರ್ ಕಾಲೇಜು ಸ್ಪರ್ಧೆಯ ವೇದಿಕೆಯಲ್ಲಾಗಲಿ, ಕಾಲೇಜು ಹಬ್ಬದಲ್ಲಾಗಲಿ ಆ ಪ್ರೊಸೆಸರಿನ ತಂತಿ ನೇರವಾಗಿ ಬಾಡಿಗೆಯ ಪಿಎ ಸಿಸ್ಟಮ್ಮಿಗೆ ಹೋಗುತ್ತಿತ್ತು. ಪಿಎ ಎಂದರೆ ಭಾಷಣಕ್ಕೂ ಮದುವೆಗೂ ಬಳಸುವ ಅಹುಜಾ ಆಂಪ್ಲಿಫೈಯರ್, ಅದರ ಹಿಂದೆ ಮರದ ಡಬ್ಬಗಳು. ಆ ಕಾಲದ ಪ್ರೊಸೆಸರುಗಳನ್ನು ನಾವು ‘ಸೊಳ್ಳೆ ಟೋನ್’ ಎಂದು ಹಳಿಯುತ್ತಿದ್ದೆವು. ಹಳಿದದ್ದರಲ್ಲಿ ನ್ಯಾಯವಿತ್ತು. ಆದರೆ ತಪ್ಪೆಲ್ಲ ಆ ಪುಟ್ಟ ಪೆಡಲಿನದಾಗಿರಲಿಲ್ಲ. ಅದನ್ನು ನುಡಿಸಿದ ಸ್ಪೀಕರುಗಳ ಪಾಲೂ ಅಷ್ಟೇ ಇತ್ತು.

ನಕಲಿನ ಹಿಂದಿನ ಗಣಿತ ನಿಜವಾಗಿ ಗಟ್ಟಿಯಾದದ್ದು 2006ರಲ್ಲಿ ಫ್ರ್ಯಾಕ್ಟಲ್ ಆಡಿಯೋ ಕಂಪನಿಯ ಆಕ್ಸ್-ಎಫ್‌ಎಕ್ಸ್ ಬಂದ ಮೇಲೆ. ಅದು ಆಂಪಿನ ಸರ್ಕ್ಯೂಟಿನ ಒಂದೊಂದು ಹಂತವನ್ನೂ ಲೆಕ್ಕದಲ್ಲಿ ಮರುಸೃಷ್ಟಿಸಲು ಹೊರಟಿತು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರು ನಮ್ಮಲ್ಲಿ ಬಹಳ ಜನ. ಅದೇ ಮೆಟಾಲಿಕಾ ಎರಡು ವರ್ಷದ ಬಳಿಕ, 2013ರ ಡಿಸೆಂಬರಿನಲ್ಲಿ, ಅಂಟಾರ್ಕ್ಟಿಕಾದಲ್ಲಿ ನುಡಿಸಿತು. ಅಲ್ಲಿಯ ಪರಿಸರಕ್ಕೆ ತೊಂದರೆಯಾಗದಂತೆ ವೇದಿಕೆಯಲ್ಲಿ ಗಿಟಾರ್ ಆಂಪೂ ಇರಲಿಲ್ಲ, ಸಭೆಗೆ ಸ್ಪೀಕರೂ ಇರಲಿಲ್ಲ. ಆಕ್ಸ್-ಎಫ್‌ಎಕ್ಸ್‌ನಿಂದ ಹೊರಟ ಸದ್ದನ್ನು ಪ್ರೇಕ್ಷಕರು ಹೆಡ್‌ಫೋನಿನಲ್ಲಿ ಕೇಳಿದರು. ಮಾಡೆಲರ್ ಎಂದರೆ ಅಭ್ಯಾಸದ ಆಟಿಕೆ ಎಂಬ ವಾದ ಅಲ್ಲಿಗೆ ಮುಗಿಯಿತು ಎಂದೇ ಹೇಳಬೇಕು.

2011ರಲ್ಲಿ ಜರ್ಮನಿಯ ಕೆಂಪರ್ ಬೇರೆ ದಾರಿ ಹಿಡಿಯಿತು. ಎದುರಿಗಿರುವ ಆಂಪಿಗೆ ಪರೀಕ್ಷಾ ಸಂಕೇತಗಳನ್ನು ಕಳಿಸಿ, ಮೈಕಿನಲ್ಲಿ ಮರಳಿ ಬಂದದ್ದನ್ನು ಹೋಲಿಸಿ, ಆ ಆಂಪಿನ ‘ಪ್ರೊಫೈಲ್’ ತೆಗೆಯುವ ದಾರಿ ಅದು. 2015ರಲ್ಲಿ ಲೈನ್ 6 ಹೆಲಿಕ್ಸ್ ತಂದಿತು, 2018ರಲ್ಲಿ ಅಂಗೈ ಅಗಲದ ಎಚ್‌ಎಕ್ಸ್ ಸ್ಟಾಂಪ್. ಫಿನ್‌ಲೆಂಡಿನ ನ್ಯೂರಲ್ ಡಿಎಸ್‌ಪಿ 2020ರಲ್ಲಿ ಘೋಷಿಸಿ ಮರುವರ್ಷ ಮಾರುಕಟ್ಟೆಗೆ ಬಿಟ್ಟ ಕ್ವಾಡ್ ಕಾರ್ಟೆಕ್ಸ್, 2022ರಲ್ಲಿ ಇಟಲಿಯ ಐಕೆ ಮಲ್ಟಿಮೀಡಿಯಾ ತಂದ ಟೋನೆಕ್ಸ್, ಇವೆರಡೂ ಆಂಪನ್ನು ‘ಕಲಿಯಲು’ ನ್ಯೂರಲ್ ನೆಟ್‌ವರ್ಕ್ ಬಳಸಿದವು. ಕೊನೆಗೆ ಸ್ಟೀವನ್ ಅಟ್ಕಿನ್ಸನ್ ಅವರ ನ್ಯೂರಲ್ ಆಂಪ್ ಮಾಡೆಲರ್ ಬಂತು. ಅದು ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಲ್ಯಾಪ್‌ಟಾಪೂ ಒಂದು ಆಡಿಯೋ ಇಂಟರ್‌ಫೇಸೂ ಇದ್ದರೆ ಒಳ್ಳೆಯ ಮಾರ್ಷಲ್ ಸ್ವರ ಇವತ್ತು ಬಿಡಿಗಾಸಿಲ್ಲದೆ ಸಿಗುತ್ತದೆ. ಇಷ್ಟಾದ ಮೇಲೂ ಯಾವ ಪೆಟ್ಟಿಗೆಯ ಆಂಪ್ ಹೆಚ್ಚು ಅಸಲಿ ಎಂಬ ಜಗಳದಲ್ಲಿ ತಿಂಗಳು ಕಳೆಯುವುದರಲ್ಲಿ ಅರ್ಥವಿಲ್ಲ. ವೇದಿಕೆಯಲ್ಲಿ, ಡ್ರಮ್ಸ್ ನಡುವೆ ಆ ವ್ಯತ್ಯಾಸ ಕೇಳಿಸುವುದೇ ಇಲ್ಲ.

ಸದ್ದು ತಡವಾಗಿ ಬರುತ್ತದೆ ಎಂಬ ದೂರೂ ಹಳೆಯದಾಯಿತು. ಒಳ್ಳೆಯ ಮಾಡೆಲರ್ ತೆಗೆದುಕೊಳ್ಳುವುದು ಮೂರು ಮಿಲಿಸೆಕೆಂಡಿನ ಆಸುಪಾಸು. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಕ್ರಮಿಸುವ ದೂರ ಸುಮಾರು ಒಂದು ಮೀಟರ್. ಆಂಪಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ ವ್ಯತ್ಯಾಸ.

ಇನ್ನು ಸ್ಪೀಕರಿನ ಕಥೆ. ಪ್ರೊಸೆಸರಿನಲ್ಲಿ ಕ್ಯಾಬಿನೆಟ್ಟಿನ ನಕಲೂ ಇರುವುದರಿಂದ, ಅದು ಹೊರಬಿಡುವುದು ಕ್ಯಾಬಿನೆಟ್ಟಿನ ಮುಂದೆ ಮೈಕ್ ಇಟ್ಟು ಹಿಡಿದ ಸದ್ದು. ಅದಕ್ಕೆ ತನ್ನದೇನನ್ನೂ ಸೇರಿಸದ, ಮೇಲಿನಿಂದ ಕೆಳಗಿನವರೆಗೆ ಎಲ್ಲ ಸ್ವರವನ್ನೂ ಸಮನಾಗಿ ನುಡಿಸುವ ಸ್ಪೀಕರ್ ಬೇಕು. ಗಿಟಾರ್ ಲೋಕದಲ್ಲಿ ಈ ಸಪಾಟು ಸ್ಪೀಕರಿಗೆ ಎಫ್‌ಆರ್‌ಎಫ್‌ಆರ್ ಎಂಬ ಹೆಸರು. ಸೌಂಡ್ ಬಾಡಿಗೆಯವರಿಗೆ ಇದೇ ‘ಆಕ್ಟಿವ್ ಟಾಪ್’. ಒಳಗೇ ಪವರ್ ಆಂಪ್ ಇರುವ ಈ ಡಬ್ಬಗಳು ಹಗುರಾದದ್ದು ಕ್ಲಾಸ್ ಡಿ ಆಂಪ್ಲಿಫೈಯರುಗಳಿಂದ. ಯಮಹಾ ಡಿಬಿಆರ್10 ಹತ್ತೂವರೆ ಕಿಲೋ ತೂಗುತ್ತದೆ, ಒಂದೇ ಕೈಯಲ್ಲಿ ಎತ್ತಿ ಆಟೋದಲ್ಲಿಡಬಹುದು. ಟ್ಯೂಬುಗಳ ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ. ಅದೇ ಫೆಂಡರ್ 2019ರಲ್ಲಿ ಟೋನ್ ಮಾಸ್ಟರ್ ಹೆಸರಿನಲ್ಲಿ ಡಿಜಿಟಲ್ ಟ್ವಿನ್ ತಂದಾಗ ತೂಕ ಸುಮಾರು 15 ಕಿಲೋಗೆ ಇಳಿಯಿತು. ಮೂರನೇ ಮಹಡಿಯ ಜ್ಯಾಮ್ ರೂಮಿಗೆ ಲಿಫ್ಟಿಲ್ಲದೆ ಹತ್ತುವವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಹೆಡ್‌ರಷ್ ಕಂಪನಿ 8 ಮತ್ತು 12 ಅಂಗುಲದ ಅಗ್ಗದ ಡಬ್ಬಗಳನ್ನು ಗಿಟಾರಿನವರಿಗೆಂದೇ ತಂದಿತು. 2018ರಲ್ಲಿ ಲೈನ್ 6 ಪವರ್‌ಕ್ಯಾಬ್ ತಂದು, ಮಾಮೂಲಿ ಗಿಟಾರ್ ಕ್ಯಾಬಿನೆಟ್ಟಿನಂತೆಯೂ ಸಪಾಟು ಸ್ಪೀಕರಿನಂತೆಯೂ ನುಡಿಯುವ ಡಬ್ಬ ಕೊಟ್ಟಿತು. ಟ್ಯೂಬ್ ಆಂಪನ್ನು ಬೆನ್ನಿಗಿಟ್ಟುಕೊಂಡು ನುಡಿಸಿದ ಸುಖವನ್ನು ಮರೆಯಲಾಗದವರಿಗೆ ಪವರ್‌ಕ್ಯಾಬ್ ಜಾತಿಯ ಡಬ್ಬವೇ ಸರಿ. ಉಳಿದವರಿಗೆ ಹಾಡಿಗೂ ಕೀಬೋರ್ಡಿಗೂ ಆಗುವ ಸಾಮಾನ್ಯ ಆಕ್ಟಿವ್ ಸ್ಪೀಕರ್ ಮೇಲು, ಏಕೆಂದರೆ ಬ್ಯಾಂಡ್ ಮುರಿದುಬಿದ್ದರೂ ಅದು ಕೆಲಸಕ್ಕೆ ಬರುತ್ತದೆ.

ಡಬ್ಬದ ಮೇಲೆ ಬರೆದ ವ್ಯಾಟ್ ನಂಬಬೇಡಿ. ಡಿಬಿಆರ್10ರ ಮೇಲೆ 700 ವ್ಯಾಟ್ ಎಂದಿದ್ದರೆ ಅದು ಕ್ಷಣಮಾತ್ರದ ಗರಿಷ್ಠ; ನಿರಂತರವಾಗಿ ಕೊಡುವುದು 325. ವ್ಯಾಟ್ ದುಪ್ಪಟ್ಟಾದರೂ ಸದ್ದು ಹೆಚ್ಚುವುದು ಮೂರೇ ಡೆಸಿಬೆಲ್. ನೋಡಬೇಕಾದದ್ದು ಗರಿಷ್ಠ ಡೆಸಿಬೆಲ್ ಅಂಕಿಯನ್ನು. ಡ್ರಮ್ ಕಿಟ್ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ, ಅದರ ಪಕ್ಕದಲ್ಲಿ ಗಿಟಾರ್ ಕೇಳಿಸಬೇಕಾದರೆ ಸ್ಪೀಕರಿಗೆ ಇನ್ನೂ ಸಾಕಷ್ಟು ಉಸಿರು ಉಳಿದಿರಬೇಕು.

ಮುಂಢವಾ, ಕೋರೆಗಾಂವ್ ಪಾರ್ಕ್ ಕಡೆಯ ಪಬ್ಬುಗಳಲ್ಲಿ ಸಂಜೆ ಸೌಂಡ್ ಚೆಕ್ ನೋಡಬೇಕು. ಗಿಟಾರಿನ ಹುಡುಗ ಪೆಟ್ಟಿಗೆ ನೆಲದ ಮೇಲಿಟ್ಟು ಒಂದು ತಂತಿ ಮಿಕ್ಸರಿಗೆ, ಇನ್ನೊಂದು ತನ್ನ ಡಬ್ಬಕ್ಕೆ ಕೊಡುತ್ತಾನೆ. ಮನೆಯಲ್ಲಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ತಿದ್ದಿದ ಸ್ವರ ಮೊದಲ ಮೀಟಿಗೇ ಕಿವಿಗೆ ಚುಚ್ಚುತ್ತದೆ, ಕೆಳಸ್ವರ ಗುಂಯ್‌ಗುಡುತ್ತದೆ. ಇದರ ಕಾರಣವನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಬೆಲ್ ಪ್ರಯೋಗಾಲಯದಲ್ಲಿ ತೋರಿಸಿದ್ದರು. ಸಣ್ಣ ದನಿಯಲ್ಲಿ ನಮ್ಮ ಕಿವಿಗೆ ತಗ್ಗು ಸ್ವರವೂ ತಾರಸ್ವರವೂ ಕಡಿಮೆ ಕೇಳಿಸುತ್ತವೆ. ಹಾಗಾಗಿ ಫ್ಲ್ಯಾಟಿನಲ್ಲಿ ಎರಡನ್ನೂ ಏರಿಸುತ್ತೇವೆ, ವೇದಿಕೆಯ ಜೋರು ದನಿಯಲ್ಲಿ ಎರಡೂ ಮೈಮೇಲೆ ಬೀಳುತ್ತವೆ. ಅನುಭವಸ್ಥ ಸೌಂಡ್ ಎಂಜಿನಿಯರ್ ಮಾತಿಲ್ಲದೆ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 6,000ಕ್ಕಿಂತ ಮೇಲಿನದನ್ನೂ ಕತ್ತರಿಸುತ್ತಾನೆ. ತಕ್ಷಣ ಗಿಟಾರ್ ಗಿಟಾರಾಗುತ್ತದೆ. ಪಬ್ಬಿನಲ್ಲಿ ಎರಡು ಕಡೆಯ ಅರ್ತಿಂಗ್ ಸೇರಿ ಹಮ್ ಬಂದರೆ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಬೇಕು. ಹಮ್ ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಕೆಟ್ಟ ಚಾಳಿ ಜೀವಕ್ಕೆ ಅಪಾಯ.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಕ್ಯಾಬಿನೆಟ್ಟಿನ ನಕಲನ್ನು ಆಫ್ ಮಾಡಿ ಸಪಾಟು ಸ್ಪೀಕರಿಗೆ ಕೊಟ್ಟರೆ ಡಿಸ್ಟಾರ್ಷನ್ ತಗಡಿನ ಮೇಲೆ ಮರಳು ಉಜ್ಜಿದ ಹಾಗೆ ಕೇಳಿಸುತ್ತದೆ. ಅದನ್ನು ಆನ್ ಇಟ್ಟು ನಿಜವಾದ ಗಿಟಾರ್ ಆಂಪಿಗೆ ಕೊಟ್ಟರೆ ಎರಡೆರಡು ಕ್ಯಾಬಿನೆಟ್ ಸೇರಿ ಸ್ವರ ಕಂಬಳಿ ಹೊದ್ದು ಮಲಗುತ್ತದೆ. ಸಪಾಟು ಸ್ಪೀಕರಿಗೆ ಆನ್, ಗಿಟಾರ್ ಆಂಪಿಗೆ ಆಫ್, ಅದೂ ಹಿಂದಿನ ಎಫೆಕ್ಟ್ಸ್ ರಿಟರ್ನ್ ತೂತಿಗೆ. ಇಷ್ಟನ್ನು ಸರಿಪಡಿಸಿಕೊಂಡವರಲ್ಲಿ ಅನೇಕರು ಪ್ರೊಸೆಸರ್ ಮಾರುವ ವಿಚಾರ ಕೈಬಿಟ್ಟದ್ದನ್ನು ನಾನು ಬಲ್ಲೆ.

2010ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮೊದಲ ಎನ್‌ಎಚ್7 ವೀಕೆಂಡರ್ ಸಂಗೀತೋತ್ಸವ ನಡೆದ ಮೇಲೆ ಇಲ್ಲಿಯ ಹುಡುಗರ ಕಿವಿ ಬದಲಾಯಿತು. ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮದಂಥ ನಮ್ಮ ತಂಡಗಳನ್ನೂ ಸ್ಟೀವ್ ವಾಯ್, ಓಪೆತ್‌ರನ್ನೂ ಇಲ್ಲಿಯ ಬಯಲಲ್ಲೇ ಕೇಳಿ ಬೆಳೆದವರು ಅವರು. ಆದರೆ ಎಲ್ಲರ ಅಗತ್ಯ ಒಂದೇ ಅಲ್ಲ. ದೊಡ್ಡ ವೇದಿಕೆಯಲ್ಲಿ ನುಡಿಸುವವರ ಸ್ಪೀಕರಿನ ಚಿಂತೆ ಸಂಘಟಕರದು. ಅಂಥವರು ಪ್ರೊಸೆಸರಿಗೇ ಹೆಚ್ಚು ಹಾಕಲಿ. ಫ್ಲ್ಯಾಟಿನಲ್ಲೇ ನುಡಿಸುವವರಿಗೆ ಒಂದು ಜೋಡಿ ಸ್ಟುಡಿಯೋ ಮಾನಿಟರ್, ಒಳ್ಳೆಯ ಹೆಡ್‌ಫೋನ್ ಸಾಕು. 12 ಅಂಗುಲದ ಡಬ್ಬವನ್ನು 55 ಡೆಸಿಬೆಲ್‌ನಲ್ಲಿ ನುಡಿಸುವುದು ದುಡ್ಡಿಗೆ ದಂಡ. ಪಬ್ಬು, ಕಾಲೇಜು, ಗಣೇಶೋತ್ಸವದ ಮಂಟಪಗಳಲ್ಲಿ ನುಡಿಸುವ ನಡುವಿನ ಬಹುಸಂಖ್ಯಾತರಿಗೆ ನನ್ನ ಸಲಹೆ ನೇರ: ಒಟ್ಟು ಹಣದ ಅರ್ಧವನ್ನು ಸ್ಪೀಕರಿಗೆ ತೆಗೆದಿಡಿ, ಉಳಿದದ್ದರಲ್ಲಿ ಬಂದ ಪ್ರೊಸೆಸರ್ ತನ್ನಿ.

ಕೊಳ್ಳುವ ದಿನ ನಿಮ್ಮದೇ ಗಿಟಾರ್ ಒಯ್ಯಿರಿ. ಅಂಗಡಿಯವರನ್ನು ಕೇಳಿ ಸ್ಪೀಕರನ್ನು ನೆಲದ ಮೇಲೂ ಸ್ಟ್ಯಾಂಡಿನ ಮೇಲೂ ಇಡಿಸಿ, ನೆಲಕ್ಕಿಟ್ಟಾಗ ತಗ್ಗು ಸ್ವರ ಎಷ್ಟು ಉಬ್ಬುತ್ತದೆ ಕೇಳಿ, ಬ್ಯಾಂಡಿನಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿ, ಹತ್ತು ಹೆಜ್ಜೆ ಬದಿಗೆ ಸರಿದು ಮತ್ತೆ ಕೇಳಿ. ಒಳಗಿನ ಪವರ್ ಆಂಪ್ ಸುಟ್ಟರೆ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಗಲ್ಲಿಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಆಂಪಿನ ಹಾಗೆ ಬಿಡಿಭಾಗ ಹಾಕಿಸಿ ತರುವುದು ಸುಲಭವಲ್ಲ, ಇಡೀ ಮಾಡ್ಯೂಲನ್ನೇ ಬದಲಿಸಬೇಕಾಗುತ್ತದೆ. ಆದ್ದರಿಂದ ಭಾರತದಲ್ಲಿ ವಾರಂಟಿ ಇರುವ ಮಾಲನ್ನೇ, ಬಿಲ್ ಹಾಕಿಸಿಕೊಂಡೇ ತನ್ನಿ.